ಶಾಲೆಯ ಬೀರು, ದಾನದ ಪುಸ್ತಕ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009 ತನ್ನ ಅನುಸೂಚಿಯಲ್ಲಿ, ಅಂದರೆ ಪ್ರತಿಯೊಂದು ಶಾಲೆಯಲ್ಲಿ ಇರಲೇಬೇಕಾದ ಸೌಲಭ್ಯಗಳನ್ನು ಹೆಸರಿಸುವ ಪಟ್ಟಿಯಲ್ಲಿ, ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯ, ಕುಡಿಯುವ ನೀರುಗಳ ಜೊತೆಗೆ ಗ್ರಂಥಾಲಯವನ್ನೂ ಸೇರಿಸಿದೆ. ದಿನಪತ್ರಿಕೆ, ನಿಯತಕಾಲಿಕ ಮತ್ತು ಎಲ್ಲ ವಿಷಯಗಳ ಪುಸ್ತಕಗಳು ಅಲ್ಲಿರಬೇಕೆಂದು ವಿಧಿಸುವುದರ ಜೊತೆಗೆ ಕಥೆಪುಸ್ತಕಗಳನ್ನು ಬೇರೆಯಾಗಿ ಹೆಸರಿಸಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ಕಾಯ್ದೆಯ ಪ್ರಕಾರ ಕಥೆಪುಸ್ತಕ ಓದುವುದು ಮಗುವಿಗೆ ಯಾರೋ ಪ್ರೀತಿಯಿಂದ ಕೊಡುವ ಉಡುಗೊರೆಯಾಗಿ ಉಳಿದಿಲ್ಲ, ಹಕ್ಕಾಗಿದೆ. ಆದರೆ ಕರ್ನಾಟಕದ ಹಳ್ಳಿಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಾಲಯ ಎಲ್ಲಿದೆಯೆಂದು ಕೇಳಿದವರಿಗೆ ಸಾಮಾನ್ಯವಾಗಿ ತೋರಿಸುವುದು ಮುಖ್ಯ ಶಿಕ್ಷಕರ ಕೊಠಡಿಯ ಮೂಲೆಯಲ್ಲಿರುವ ಒಂದು ಕಬ್ಬಿಣದ ಬೀರುವನ್ನು. ಅದರ ಕೀಲಿಕೈ ಹಾಜರಿ ಪುಸ್ತಕ ಮತ್ತು ಬಿಸಿಯೂಟದ ಲೆಕ್ಕಗಳ ಜೊತೆ ಮೇಜಿನ ಖಾನೆಯಲ್ಲಿರುತ್ತದೆ.

ಹಣದ ಕೊರತೆ ಎಷ್ಟಿದೆ ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ ಗ್ರಂಥಾಲಯಕ್ಕೆಂದೇ ಪ್ರತ್ಯೇಕ ಅನುದಾನವಿದ್ದು, ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ, ಒಂದರಿಂದ ಎಂಟನೆಯ ತರಗತಿವರೆಗಿನ ಶಾಲೆಗೆ 13,000 ರೂಪಾಯಿವರೆಗೆ ನೀಡಲು ಅವಕಾಶವಿದೆ. 5,000 ರೂಪಾಯಿ ಪೂರ್ತಿಯಾಗಿ ಕೈಸೇರಿತೆಂದೇ ಇಟ್ಟುಕೊಂಡರೂ, ತೆಳುವಾದ ಚಿತ್ರಪುಸ್ತಕಕ್ಕೆ 50 ರೂಪಾಯಿಯಂತೆ 100 ಪುಸ್ತಕಗಳು, ಸ್ವಲ್ಪ ದಪ್ಪನೆಯ ಪುಸ್ತಕಕ್ಕೆ 150 ರೂಪಾಯಿಯಂತೆ 33 ಪುಸ್ತಕಗಳು ಬರುತ್ತವೆ. ಇನ್ನೊಂದೆಡೆ ಆಸ್ತಿ ತೆರಿಗೆ ಕಟ್ಟುವ ನಾಗರಿಕರು ಅದರೊಂದಿಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದು, ಶಾಲೆಗಳಿಗೂ ಅದರಲ್ಲಿ ಪಾಲಿದೆಯೆಂದು ಅನೇಕರು ಭಾವಿಸಿರುತ್ತಾರೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಅಡಿಯಲ್ಲಿ ಸಂಗ್ರಹವಾಗುವ ಆ ಕರ ಸಾರ್ವಜನಿಕ ಗ್ರಂಥಾಲಯಗಳಿಗೆ ಮೀಸಲು, ಶಾಲೆಯ ಬೀರುವಿಗೆ ಅದರಿಂದ ಏನೂ ಬರುವುದಿಲ್ಲ. ಈ ತೆರಪನ್ನು ತುಂಬಲು ಹಳೆಯ ವಿದ್ಯಾರ್ಥಿಗಳು, ನಗರದ ಗೆಳೆಯರ ಬಳಗಗಳು, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ವಿಭಾಗಗಳು, ಊರು ಬಿಟ್ಟು ವಿದೇಶದಲ್ಲಿ ನೆಲೆಸಿದ ಕನ್ನಡಿಗರು ಪುಸ್ತಕ ದಾನಕ್ಕೆ ಮುಂದಾಗುತ್ತಾರೆ. ಅವರ ಸದುದ್ದೇಶದಲ್ಲಿ ಸಂಶಯವಿಲ್ಲ. ಆ ಸದುದ್ದೇಶ ಮಗುವಿನ ಕೈವರೆಗೆ ತಲುಪುತ್ತಿದೆಯೇ ಎಂಬುದನ್ನು ಮಾತ್ರ ಗಂಭೀರವಾಗಿ ಪರಿಶೀಲಿಸಬೇಕಾಗಿದೆ.

ದಾನದಿಂದ ತುಂಬಿದ ಬೀರುವೊಂದನ್ನು ಸಮೀಪದಿಂದ ನೋಡಿದರೆ ಸಮಸ್ಯೆಯ ಸ್ವರೂಪ ಸ್ಪಷ್ಟವಾಗುತ್ತದೆ. ಮೇಲಿನ ಖಾನೆಯಲ್ಲಿ ದ್ವಿತೀಯ ಪಿಯುಸಿಯ ಭೌತಶಾಸ್ತ್ರದ ಗೈಡುಗಳು, ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಪ್ರಶ್ನೋತ್ತರಗಳು, ಒಂದೆರಡು ಸಂಪುಟ ಕಾಣೆಯಾದ ಇಂಗ್ಲಿಷ್ ವಿಶ್ವಕೋಶ. ಅದರ ಕೆಳಗೆ ಯಾವುದೋ ಸಮಾರಂಭದಲ್ಲಿ ಹಂಚಿ ಮಿಕ್ಕಿದ ಒಂದೇ ಸ್ಮರಣ ಸಂಚಿಕೆಯ ಹತ್ತಾರು ಪ್ರತಿಗಳು. ಮತ್ತೂ ಕೆಳಗೆ ಕರ್ನಾಟಕದಲ್ಲಿ 27 ಜಿಲ್ಲೆಗಳಿವೆ ಎನ್ನುವ, ಪ್ಲೂಟೊವನ್ನು ಒಂಬತ್ತನೆಯ ಗ್ರಹವೆನ್ನುವ ಸಾಮಾನ್ಯ ಜ್ಞಾನದ ಪುಸ್ತಕ. 2007ರಲ್ಲಿ ರಾಮನಗರ ಮತ್ತು ಚಿಕ್ಕಬಳ್ಳಾಪುರ, ಅನಂತರ ಯಾದಗಿರಿ, 2021ರಲ್ಲಿ ವಿಜಯನಗರ ಸೇರಿ ಜಿಲ್ಲೆಗಳ ಸಂಖ್ಯೆ 31ಕ್ಕೆ ಏರಿದೆ. ಪ್ಲೂಟೊ 2006ರಲ್ಲೇ ಕುಬ್ಜ ಗ್ರಹಗಳ ಸಾಲಿಗೆ ಸೇರಿದೆ. ಯಾದಗಿರಿಯ ಶಾಲೆಯಲ್ಲಿ ಕುಳಿತು ಆ ಪುಸ್ತಕ ತೆರೆದ ಮಗುವಿಗೆ ತನ್ನ ಜಿಲ್ಲೆಯ ಹೆಸರೇ ಅದರಲ್ಲಿ ಸಿಗುವುದಿಲ್ಲ. ಮೂರನೆಯ ತರಗತಿಯ ಮಗು ತಾನಾಗಿ ತೆಗೆದು ಓದಬಹುದಾದ ಪುಸ್ತಕವನ್ನು ಇಂಥ ಬೀರುವಿನಲ್ಲಿ ಹುಡುಕಿದರೆ, ನೂರಾರರ ನಡುವೆ ಬೆರಳೆಣಿಕೆಯಷ್ಟು ಸಿಕ್ಕರೆ ಹೆಚ್ಚು.

ಇದು ಹೊಸ ದೂರಲ್ಲ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಅಧ್ಯಕ್ಷತೆಯ 1952–53ರ ಮಾಧ್ಯಮಿಕ ಶಿಕ್ಷಣ ಆಯೋಗವು, ದೇಶದ ಬಹುಪಾಲು ಶಾಲೆಗಳಲ್ಲಿ ಗ್ರಂಥಾಲಯವೆನ್ನಬಹುದಾದದ್ದೇ ಇಲ್ಲವೆಂದೂ, ಇರುವ ಪುಸ್ತಕಗಳು ಹಳತಾದವು ಮತ್ತು ವಿದ್ಯಾರ್ಥಿಗಳ ಅಭಿರುಚಿಯನ್ನು ಗಮನಿಸದೆ ಆರಿಸಿದವುಗಳೆಂದೂ, ಅವುಗಳ ಉಸ್ತುವಾರಿ ಆಸಕ್ತಿಯಿಲ್ಲದವರ ಕೈಯಲ್ಲಿದೆಯೆಂದೂ ದಾಖಲಿಸಿತ್ತು. ಗುಮಾಸ್ತರೋ ಆಸಕ್ತಿಯಿಲ್ಲದ ಶಿಕ್ಷಕರೋ ನೋಡಿಕೊಳ್ಳುವ, ಕಳೆಯಿಲ್ಲದ ಕೊಠಡಿಯ ಕಪಾಟುಗಳ ಆ ವರ್ಣನೆಯನ್ನು ಓದಿದರೆ, ವರದಿಗೆ ಎಪ್ಪತ್ತು ವರ್ಷ ದಾಟಿದೆಯೆಂದು ನಂಬುವುದು ಕಷ್ಟ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 1987ರಲ್ಲಿ ಬಂದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆ ಪ್ರಾಥಮಿಕ ಶಾಲೆಗಳಿಗೆ ಪುಸ್ತಕಗಳನ್ನೂ ಒದಗಿಸಿತು. ಪುಸ್ತಕ ಬಂತು, ಓದಿಸುವ ವ್ಯವಸ್ಥೆ ಅದರೊಡನೆ ಬರಲಿಲ್ಲ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ, ಬೆಂಗಳೂರಿನಲ್ಲಿ 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ 1972ರಲ್ಲಿ ಇದೇ ನಗರದಲ್ಲಿ ನಿಧನರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳು ಈ ಸಮಸ್ಯೆಗೆ ಇಂದಿಗೂ ನೇರವಾಗಿ ಅನ್ವಯಿಸುತ್ತವೆ. ಪುಸ್ತಕದ ಉದ್ದೇಶ ಅದರ ಬಳಕೆಯೇ ಎಂಬುದು ಮೊದಲನೆಯ ಸೂತ್ರದ ತಿರುಳು. ಯೂರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿದಿಡುತ್ತಿದ್ದ ಕಾಲವನ್ನು ನೆನಪಿಸಿ ಅವರು ಈ ಮಾತನ್ನು ವಿವರಿಸುತ್ತಾರೆ. ಎರಡನೆಯದು ಪ್ರತಿ ಓದುಗರಿಗೂ ಅವರಿಗೆ ತಕ್ಕ ಪುಸ್ತಕ ದೊರೆಯಬೇಕೆಂದರೆ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದಕ್ಕೆ ತಕ್ಕ ಓದುಗರು ದೊರೆಯಬೇಕೆನ್ನುತ್ತದೆ. ಉಳಿದೆರಡು ಓದುಗರ ಸಮಯವನ್ನು ಉಳಿಸುವುದಕ್ಕೆ ಮತ್ತು ಗ್ರಂಥಾಲಯವು ಬೆಳೆಯುತ್ತ ಬದಲಾಗುವ ಜೀವಿಯೆಂಬುದಕ್ಕೆ ಸಂಬಂಧಿಸಿದವು. ಪುಸ್ತಕ ದಾನದ ಬಹುತೇಕ ಅಭಿಯಾನಗಳು ದಾನಿಯ ಮನೆಯ ಅಟ್ಟದಿಂದ ಹೊರಡುತ್ತವೆ, ಅಂದರೆ ಕೈಯಲ್ಲಿರುವ ಪುಸ್ತಕಕ್ಕೆ ಓದುಗರನ್ನು ಹುಡುಕುವ ಮೂರನೆಯ ಸೂತ್ರವನ್ನು ಮಾತ್ರ ಹಿಡಿಯುತ್ತವೆ. ಓದುವ ಮಗುವಿನಿಂದ ಹೊರಟು ಪುಸ್ತಕದ ಕಡೆಗೆ ಬರುವ ಎರಡನೆಯ ಸೂತ್ರ ಹಿಂದೆ ಉಳಿಯುತ್ತದೆ. ದಾನ ಸಫಲವಾಗಬೇಕಾದರೆ ಈ ದಿಕ್ಕು ಬದಲಾಗಲೇಬೇಕು.

ಕನ್ನಡದ ನೆಲದಲ್ಲಿ ಪುಸ್ತಕ ದಾನದ ಅತ್ಯಂತ ಪ್ರಸಿದ್ಧ ನಿದರ್ಶನವೂ ಇದನ್ನೇ ಸೂಚಿಸುತ್ತದೆ. ಜೈನ ಸಂಪ್ರದಾಯದಲ್ಲಿ ಆಹಾರ, ಅಭಯ, ಔಷಧಗಳ ಜೊತೆಗೆ ಶಾಸ್ತ್ರವೂ ದಾನಯೋಗ್ಯ ವಸ್ತುಗಳಲ್ಲಿ ಸೇರಿದ್ದು, ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ ಸಂಗತಿ. ಲಿಪಿಕಾರರು ಓಲೆಗರಿಯ ಮೇಲೆ ಒಂದೊಂದೇ ಅಕ್ಷರ ಕೊರೆದು ಸಿದ್ಧಪಡಿಸಬೇಕಾಗಿದ್ದ ಕಾಲದಲ್ಲಿ ಅದು ಎಷ್ಟು ದೊಡ್ಡ ವೆಚ್ಚದ ಕೆಲಸವೆಂಬುದನ್ನು ಊಹಿಸಬಹುದು. ಅತ್ತಿಮಬ್ಬೆ ಕೊಟ್ಟದ್ದು ಮನೆಯಲ್ಲಿ ಬೇಡವಾಗಿ ಉಳಿದದ್ದನ್ನಲ್ಲ. ಹಂಚಬೇಕಾದ ಕೃತಿಯನ್ನು ಆರಿಸಿ, ಹಂಚುವುದಕ್ಕೆಂದೇ ಹೊಸದಾಗಿ ಮಾಡಿಸಿ ಕೊಟ್ಟಳು.

ಹಾಗೆಂದು ಹಳೆಯ ಪುಸ್ತಕವೆಲ್ಲ ತ್ಯಾಜ್ಯವೆಂದು ತಿಳಿಯಬಾರದು. ಮಾಹಿತಿ ಕೊಡುವ ಪುಸ್ತಕಕ್ಕೆ ವಯಸ್ಸಾಗುತ್ತದೆ, ಕಥೆಗೆ ಅಷ್ಟು ಬೇಗ ಆಗುವುದಿಲ್ಲ. ಪಂಜೆ ಮಂಗೇಶರಾಯರ ಕಥೆಗಳು, ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು, ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 510 ಕಿರುಹೊತ್ತಗೆಗಳಾಗಿ ಹೊರಬಂದ ‘ಭಾರತ-ಭಾರತಿ ಪುಸ್ತಕ ಸಂಪದ’, ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆಯ ಕನ್ನಡ ಪುಸ್ತಕಗಳು ಎಷ್ಟೋ ಮನೆಗಳ ಕಪಾಟಿನಲ್ಲಿ ಇಂದಿಗೂ ಇವೆ. ಹಾಳೆ ಗಟ್ಟಿಯಾಗಿದ್ದು ಅಕ್ಷರ ದಪ್ಪವಾಗಿದ್ದರೆ ಅವು ಯಾವ ಶಾಲೆಗೂ ಆಸ್ತಿಯೇ. ಶಿವರಾಮ ಕಾರಂತರ ‘ಬಾಲ ಪ್ರಪಂಚ’ ಅಥವಾ ನಿರಂಜನರು ಸಂಪಾದಿಸಿದ ಕಿರಿಯರ ವಿಶ್ವಕೋಶ ‘ಜ್ಞಾನ ಗಂಗೋತ್ರಿ’ಯಂಥ ಮಹತ್ಕಾರ್ಯಗಳ ವಿಷಯದಲ್ಲಿ ಮಾತ್ರ ವಿವೇಕ ಬೇಕು: ಶಿಕ್ಷಕರು ಜೊತೆಗೆ ಕುಳಿತು ಓದಿಸುವುದಾದರೆ ಅವು ಅಮೂಲ್ಯ, ಪ್ರಬಂಧ ಸ್ಪರ್ಧೆಗೆ ಅಂಕಿಅಂಶ ಹುಡುಕುವ ಮಗುವಿನ ಕೈಗೆ ಹಾಗೆಯೇ ಕೊಟ್ಟರೆ ದಾರಿ ತಪ್ಪಿಸುತ್ತವೆ.

ಪುಸ್ತಕಗಳ ಆಯ್ಕೆಯಲ್ಲಿ ಹೆಚ್ಚು ಕಡೆಗಣನೆಗೆ ಒಳಗಾಗುವುದು ಓದಿನ ಮಟ್ಟ. ಒಂದೇ ತರಗತಿಯಲ್ಲಿ ಕುಳಿತ ಮಕ್ಕಳ ಓದಿನ ಸಾಮರ್ಥ್ಯ ಒಂದೇ ಆಗಿರುವುದಿಲ್ಲ; 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ಮುಂದೆ ರಾಜ್ಯದಾದ್ಯಂತ ಹರಡಿದ ‘ನಲಿ-ಕಲಿ’ ಪದ್ಧತಿ ಬೇರೆ ಬೇರೆ ಮಟ್ಟದ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ಕಲಿಯಲು ಬಿಡುವುದು ಈ ಸತ್ಯವನ್ನು ಒಪ್ಪಿಕೊಂಡೇ. ಬೆಂಗಳೂರಿನ ಹಿಪ್ಪೊಕ್ಯಾಂಪಸ್ ಸಂಸ್ಥೆ ಮಕ್ಕಳ ಪುಸ್ತಕಗಳನ್ನು ಹಸಿರು, ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ ಎಂದು ಬಣ್ಣಗಳಿಂದ ಗುರುತಿಸಿ ಆರು ಮಟ್ಟಗಳಾಗಿ ವಿಂಗಡಿಸುವ ಕ್ರಮವನ್ನು ರೂಪಿಸಿತು. ಪುಟಕ್ಕೆ ಒಂದೆರಡು ಪದ ಅಥವಾ ಒಂದು ಸಾಲು ಇರುವ ಚಿತ್ರಪುಸ್ತಕದಿಂದ ಹಿಡಿದು ಅಧ್ಯಾಯಗಳಿರುವ ಕಾದಂಬರಿಯವರೆಗೆ ಏರುವ ಇಂಥ ಮೆಟ್ಟಿಲುಗಳಲ್ಲಿ ಶಾಲೆಗಳಿಗೆ ಸದಾ ಕೊರತೆಯಾಗುವುದು ಕೆಳಗಿನ ಎರಡು ಮೂರು ಮೆಟ್ಟಿಲುಗಳ ಪುಸ್ತಕಗಳೇ, ದಾನಿಗಳು ವಿರಳವಾಗಿ ಕೊಡುವುದೂ ಅವನ್ನೇ. ಹದಿನಾರು ಪುಟದ ತೆಳು ಪುಸ್ತಕವನ್ನು ವೇದಿಕೆಯ ಮೇಲೆ ಕೊಡುವುದು ಅವರಿಗೆ ಸಣ್ಣತನವಾಗಿ ತೋರುತ್ತದೆ. ಮೊದಲ ಬಾರಿಗೆ ಒಂದು ಇಡೀ ಪುಸ್ತಕವನ್ನು ಯಾರ ಸಹಾಯವೂ ಇಲ್ಲದೆ ಓದಿ ಮುಗಿಸಿದ ಮಗುವಿಗೆ ದೊರೆಯುವ ಆತ್ಮವಿಶ್ವಾಸವಾದರೋ ಆ ಹದಿನಾರು ಪುಟಗಳಿಂದಲೇ ಬರುವಂಥದ್ದು.

ಭಾಷೆಯ ಪ್ರಶ್ನೆಯೂ ಇದರೊಂದಿಗೆ ಹೆಣೆದುಕೊಂಡಿದೆ. ನಗರದ ಮನೆಗಳಿಂದ ಬರುವ ಮಕ್ಕಳ ಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು; ಕನ್ನಡ ಮಾಧ್ಯಮದ ಶಾಲೆಯಲ್ಲಿ ಅವು ನೋಡುವ ವಸ್ತುಗಳಾಗುತ್ತವೆಯೇ ಹೊರತು ಓದುವ ಪುಸ್ತಕಗಳಾಗುವುದಿಲ್ಲ. ರಾಜ್ಯದಲ್ಲಿ ಉರ್ದು, ಮರಾಠಿ, ತೆಲುಗು, ತಮಿಳು ಮಾಧ್ಯಮದ ಸರ್ಕಾರಿ ಶಾಲೆಗಳಿವೆ, ಗಡಿಯಾಚೆಗೆ ಕಾಸರಗೋಡು, ಸೊಲ್ಲಾಪುರ ಮತ್ತು ಅಕ್ಕಲಕೋಟೆಯ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ, ತಾಂಡಾಗಳಲ್ಲಿ ಲಂಬಾಣಿಯನ್ನೂ ಕರಾವಳಿಯಲ್ಲಿ ತುಳು ಅಥವಾ ಬ್ಯಾರಿಯನ್ನೂ ಮನೆಯಲ್ಲಿ ಆಡುವ ಮಕ್ಕಳಿದ್ದಾರೆ. ಇವರೆಲ್ಲರಿಗೂ ಒಂದೇ ಪೆಟ್ಟಿಗೆ ಹೊಂದುವುದಿಲ್ಲ. ಇಂಗ್ಲಿಷ್ ಕಲಿಸಬೇಕೆಂಬ ಪೋಷಕರ ಆಸೆಗೆ ಉತ್ತರವಾಗಿ ಒಂದೇ ಪುಟದಲ್ಲಿ ಎರಡೂ ಭಾಷೆಯಿರುವ ದ್ವಿಭಾಷಾ ಪುಸ್ತಕಗಳು ದೊರೆಯುತ್ತವೆ. 2004ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಪ್ರಥಮ್ ಬುಕ್ಸ್ 2015ರಿಂದ ನಡೆಸುತ್ತಿರುವ ‘ಸ್ಟೋರಿವೀವರ್’ ಅಂತರಜಾಲ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಮುಕ್ತ ಪರವಾನಗಿಯಲ್ಲಿ ಲಭ್ಯವಿವೆ. ಮುಕ್ತ ಪರವಾನಗಿಯೆಂದರೆ ಲೇಖಕರ ಹೆಸರನ್ನು ಉಳಿಸಿಕೊಂಡು ಯಾರು ಬೇಕಾದರೂ ಅವನ್ನು ಉಚಿತವಾಗಿ ಮುದ್ರಿಸಬಹುದು, ಅನುವಾದಿಸಬಹುದು ಎಂಬ ಒಪ್ಪಂದ. ಮನೆಯಲ್ಲಿ ಕೊಡಲು ಪುಸ್ತಕವಿಲ್ಲದವರು ಇಂಥ ಕಥೆಗಳನ್ನು ಮುದ್ರಿಸಿ, ಹೊಲಿಸಿ ಕಳುಹಿಸಿದರೂ ಅದು ಪುಸ್ತಕ ದಾನವೇ.

ಇಷ್ಟೆಲ್ಲ ಸರಿಯಾಗಿ ಆಯ್ದ ಪುಸ್ತಕವೂ ಬೀರುವಿನೊಳಗೇ ಉಳಿಯಲು ಒಂದು ಬಲವಾದ ಕಾರಣವಿದೆ, ಅದು ಭಯ. ಶಾಲೆಗೆ ಬಂದ ಪ್ರತಿ ಪುಸ್ತಕಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟು, ಬಂದ ದಿನಾಂಕ, ಮೂಲ, ಬೆಲೆಗಳೊಂದಿಗೆ ದಾಖಲಿಸುವ ವಹಿಯನ್ನು ಶಿಕ್ಷಕರು ಸ್ಟಾಕ್ ರಿಜಿಸ್ಟರ್ ಎಂದು ಕರೆಯುತ್ತಾರೆ. ಒಮ್ಮೆ ಅದರಲ್ಲಿ ಏರಿದ ಪುಸ್ತಕ ಮೇಜು, ಕುರ್ಚಿ, ತೂಕದ ಯಂತ್ರಗಳಂತೆ ಶಾಲೆಯ ಸ್ವತ್ತು. ಶಿಕ್ಷಕರಿಗೆ ವರ್ಗಾವಣೆಯಾದಾಗ ಅಥವಾ ಅವರು ನಿವೃತ್ತರಾದಾಗ ಚಾರ್ಜ್ ವಹಿಸಿಕೊಡುವ ಹೊತ್ತಿಗೆ ಎಲ್ಲವೂ ಲೆಕ್ಕಕ್ಕೆ ಸಿಗಬೇಕು. ಹತ್ತು ಪುಸ್ತಕ ಕಡಿಮೆ ಬಿದ್ದರೆ ಕೈಯಿಂದ ಹಣ ಕಟ್ಟಬೇಕಾದೀತು, ಆಡಿಟ್‌ನಲ್ಲಿ ಆಕ್ಷೇಪಣೆ ಬಂದೀತು ಎಂಬ ಆತಂಕ ಶಿಕ್ಷಕರನ್ನು ಕಾಡುತ್ತಲೇ ಇರುತ್ತದೆ. ಮಕ್ಕಳ ಕೈಗೆ ಕೊಟ್ಟರೆ ಹರಿಯುತ್ತದೆ, ಮನೆಗೆ ಕಳುಹಿಸಿದರೆ ಕಳೆಯುತ್ತದೆ, ಆದ್ದರಿಂದ ಬೀಗ ಹಾಕಿಡುವುದೇ ಕ್ಷೇಮ ಎಂಬ ತೀರ್ಮಾನಕ್ಕೆ ಬರುವ ಶಿಕ್ಷಕರನ್ನು ಸೋಮಾರಿಗಳೆಂದು ಹಳಿಯುವುದು ಅನ್ಯಾಯ. ಪುಸ್ತಕ ಹೊಸದಾಗಿಯೇ ಉಳಿದರೆ ಅವರಿಗೆ ಯಾವ ತೊಂದರೆಯೂ ಇಲ್ಲ, ಓದಿ ಹರಿದರೆ ಮಾತ್ರ ತೊಂದರೆ ಎಂಬ ಏರ್ಪಾಡನ್ನು ಅವರ ಸುತ್ತ ಕಟ್ಟಿದವರು ಬೇರೆಯವರು.

ನಷ್ಟವನ್ನು ನ್ಯಾಯವಾಗಿ ಅಳೆಯುವ ಕ್ರಮ ಸರ್ಕಾರಿ ವ್ಯವಸ್ಥೆಗೆ ಅಪರಿಚಿತವೇನಲ್ಲ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017ರ 215ನೆಯ ನಿಯಮವು, ಗ್ರಂಥಾಲಯದಲ್ಲಿ ಒಂದು ವರ್ಷದಲ್ಲಿ ಎರವಲು ಹೋದ ಅಥವಾ ಪರಾಮರ್ಶೆಗೆ ಬಳಕೆಯಾದ ಪ್ರತಿ 1,000 ಸಂಪುಟಗಳಿಗೆ 5 ಸಂಪುಟಗಳು ಕಳೆದುಹೋದರೆ, ಅದು ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯದಿಂದ ಆದದ್ದಲ್ಲದಿದ್ದಲ್ಲಿ, ಸಹಜ ನಷ್ಟವೆಂದು ಪರಿಗಣಿಸಲು ಅವಕಾಶ ಕೊಡುತ್ತದೆ. ಈ ನಿಯಮ ಕೇಂದ್ರದ ಕಚೇರಿ ಮತ್ತು ಸಂಸ್ಥೆಗಳಿಗೆ ಸಂಬಂಧಿಸಿದ್ದಾದರೂ, ಅದರ ಹಿಂದಿರುವ ತತ್ತ್ವ ಗಮನಾರ್ಹ: ಎಷ್ಟು ಪುಸ್ತಕಗಳಿವೆ ಎಂಬುದರ ಮೇಲಲ್ಲದೆ ಎಷ್ಟು ಬಾರಿ ಪುಸ್ತಕ ಓದುಗರ ಕೈಗೆ ಹೋಗಿದೆ ಎಂಬುದರ ಮೇಲೆ ನಷ್ಟವನ್ನು ಅದು ಅಳೆಯುತ್ತದೆ. 60 ಮಕ್ಕಳಿರುವ ಶಾಲೆಯಲ್ಲಿ ಪ್ರತಿ ಮಗುವೂ ವಾರಕ್ಕೊಂದು ಪುಸ್ತಕದಂತೆ 30 ವಾರ ಮನೆಗೆ ಒಯ್ದರೆ 1,800 ಬಾರಿ ಪುಸ್ತಕ ಕೈ ಬದಲಿಸುತ್ತದೆ. ಈ ಅಳತೆಯಂತೆ 9 ಪುಸ್ತಕಗಳು ಕಳೆದರೂ ಅದು ಸಹಜ. ವರ್ಷಪೂರ್ತಿ ಒಂದೂ ಕಳೆಯಲಿಲ್ಲವೆಂದರೆ ಬೀಗ ತೆರೆದಿತ್ತೇ ಎಂದು ಕೇಳಬೇಕಾಗುತ್ತದೆ. ರಾಜ್ಯದ ಶಾಲಾ ಗ್ರಂಥಾಲಯಗಳಿಗೂ ಇಂಥದೊಂದು ಸ್ಪಷ್ಟ ರಿಯಾಯಿತಿಯನ್ನು ಇಲಾಖೆಯ ಸುತ್ತೋಲೆಯ ಮೂಲಕ ಕೊಟ್ಟರೆ, ಅದು ಲಾರಿಗಟ್ಟಲೆ ಪುಸ್ತಕಗಳಿಗಿಂತ ಹೆಚ್ಚಿನ ಉಪಕಾರವಾಗುತ್ತದೆ. ಅಲ್ಲಿಯವರೆಗೆ ದಾನಿಗಳು ತಮ್ಮ ಕೈಲಾದದ್ದನ್ನು ಮಾಡಬಹುದು: ಈ ಪುಸ್ತಕಗಳು ಮಕ್ಕಳು ಓದಿ ಸವೆಸುವುದಕ್ಕೆಂದೇ ಕೊಟ್ಟವು, ಹರಿದದ್ದಕ್ಕೆ ಅಥವಾ ಕಳೆದದ್ದಕ್ಕೆ ಯಾರನ್ನೂ ಹೊಣೆ ಮಾಡಬಾರದು ಎಂದು ಬರೆದ ಪತ್ರವನ್ನು ಜೊತೆಗಿಟ್ಟು, ಅದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಪೋಷಕರೇ ಸದಸ್ಯರಾಗಿರುವ ಎಸ್‌ಡಿಎಂಸಿಯ, ಸಭೆಯ ನಡಾವಳಿಯಲ್ಲಿ ದಾಖಲಿಸುವಂತೆ ಕೋರಬಹುದು. ಆ ಪತ್ರ ಸರ್ಕಾರಿ ನಿಯಮವನ್ನು ಬದಲಿಸುವುದಿಲ್ಲ, ಬೀಗ ತೆರೆಯುವ ಶಿಕ್ಷಕರ ಬೆನ್ನಿಗೆ ಒಂದು ಕಾಗದದ ಆಸರೆಯಾಗುತ್ತದೆ.

ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆಯೇ ಇಲ್ಲದಿರುವುದರಿಂದ ಪುಸ್ತಕ ವಿತರಣೆ, ವಾಪಸಾತಿ, ಜೋಡಣೆಗಳೆಲ್ಲ ಪಾಠ, ಗಣತಿ, ತರಬೇತಿ, ಬಿಸಿಯೂಟಗಳ ನಡುವೆ ಸಿಕ್ಕಿಕೊಂಡ ಶಿಕ್ಷಕರ ಮೇಲೇ ಬೀಳುತ್ತವೆ. ಐದಾರನೆಯ ತರಗತಿಯ ಇಬ್ಬರು ಮಕ್ಕಳಿಗೆ ವಿತರಣಾ ವಹಿಯನ್ನು ಒಪ್ಪಿಸಿದ ಶಾಲೆಗಳಲ್ಲಿ ಈ ಹೊರೆ ಬಹುಮಟ್ಟಿಗೆ ಇಳಿಯುತ್ತದೆ. ಬೀರುವಿನ ಬದಲು ಕಿಟಕಿಯಿಂದ ಕಿಟಕಿಗೆ ದಾರ ಕಟ್ಟಿ ತೆಳು ಪುಸ್ತಕಗಳನ್ನು ಮುಖಪುಟ ಕಾಣುವಂತೆ ತೂಗುಹಾಕಿದರೆ ಚಿಕ್ಕ ಮಕ್ಕಳು ಬೆನ್ನಹೆಸರು ಓದುವ ಕಷ್ಟವಿಲ್ಲದೆ ಚಿತ್ರ ನೋಡಿಯೇ ಆರಿಸಿಕೊಳ್ಳುತ್ತಾರೆ. ವಾರಕ್ಕೊಮ್ಮೆಯಾದರೂ ಹಿರಿಯರೊಬ್ಬರು ಗಟ್ಟಿಯಾಗಿ ಕಥೆ ಓದಿ ಹೇಳುವುದು ಇದಕ್ಕಿಂತ ಮುಖ್ಯ, ಏಕೆಂದರೆ ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ ಅದರ ಒಳಗೆ ಏನಿರುತ್ತದೆಂಬ ಕುತೂಹಲ ಮೂಡುವುದೇ ಕೇಳಿದ ಕಥೆಯಿಂದ. ಶಾಲೆಯ ಸಮೀಪದಲ್ಲೇ ಇರುವ ದಾನಿಗಳು ಪುಸ್ತಕದೊಂದಿಗೆ ತಿಂಗಳಿಗೆ ಒಂದೆರಡು ಮಧ್ಯಾಹ್ನಗಳನ್ನೂ ಕೊಟ್ಟರೆ ಕೊಟ್ಟ ಪುಸ್ತಕದ ಬೆಲೆ ಹಲವು ಪಟ್ಟು ಹೆಚ್ಚುತ್ತದೆ.

ಪುಸ್ತಕದ ದೇಹದ ಬಗೆಗೂ ಒಂದು ಮಾತು ಸಲ್ಲುತ್ತದೆ. ಮಕ್ಕಳ ಪುಸ್ತಕ ಮೊದಲು ಸೋಲುವುದು ನಡುವಿನ ಪಿನ್ನಿನ ಬಳಿ. ಮಲೆನಾಡು ಮತ್ತು ಕರಾವಳಿಯ ಜೂನ್–ಸೆಪ್ಟೆಂಬರ್ ತಿಂಗಳ ತೇವಕ್ಕೆ ಪಿನ್ನು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ತಿನ್ನುತ್ತದೆ, ನಡುಹಾಳೆ ಕಳಚುತ್ತದೆ. ಕಳುಹಿಸುವ ಮೊದಲೇ ಪಿನ್ನು ತೆಗೆದು ಗಟ್ಟಿ ಹತ್ತಿದಾರದಲ್ಲಿ ಮೂರು ಕಡೆ ಹೊಲಿದು, ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿದ ಪುಸ್ತಕ ಹೆಚ್ಚು ಕಾಲ ಬಾಳುತ್ತದೆ. ಮೈದಾ ಅಂಟು ಜಿರಲೆಗಳನ್ನು ಕರೆಯುವುದರಿಂದ ಅದನ್ನು ಬಿಡುವುದು ಒಳ್ಳೆಯದು. ಬೂಸ್ಟು ಹಿಡಿದ ಒಂದು ಪುಸ್ತಕ ಇಡೀ ಖಾನೆಗೆ ಅದನ್ನು ಹರಡುವುದರಿಂದ ಅಂಥದನ್ನು ಯಾವ ಕಾರಣಕ್ಕೂ ದಾನದ ಪೆಟ್ಟಿಗೆಗೆ ಸೇರಿಸಬಾರದು.

ಹೀಗೆ ನೋಡಿದಾಗ ದಾನದ ಮೊದಲ ಹೆಜ್ಜೆ ಪುಸ್ತಕ ಕಳುಹಿಸುವುದಕ್ಕಿಂತ ಮುಂಚೆಯೇ ಇದೆ. ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಯಾವ ತರಗತಿಗಳಿವೆ, ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ, ಈಗಾಗಲೇ ಏನಿದೆ, ಮಕ್ಕಳು ಏನನ್ನು ಕೇಳುತ್ತಾರೆ ಎಂಬುದನ್ನು ಮುಖ್ಯ ಶಿಕ್ಷಕರಿಂದ ತಿಳಿದುಕೊಂಡು, ಮೊದಲ ಬಾರಿಗೆ ಸಣ್ಣದೊಂದು ಕಟ್ಟನ್ನು ಮಾತ್ರ ಕಳುಹಿಸುವುದು ಲೇಸು. ಭಾರತೀಯ ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕಗಳಿಗಾಗಿಯೇ ‘ಜ್ಞಾನ ಪೋಸ್ಟ್’ ಎಂಬ ರಿಯಾಯಿತಿ ಸೇವೆಯನ್ನು ಆರಂಭಿಸಿದ್ದು, ಆಗ ಗೊತ್ತುಪಡಿಸಿದ ದರದಂತೆ 300 ಗ್ರಾಂವರೆಗಿನ ಕಟ್ಟಿಗೆ 20 ರೂಪಾಯಿ, 5 ಕಿಲೋವರೆಗಿನದಕ್ಕೆ 100 ರೂಪಾಯಿ, ತೆರಿಗೆ ಪ್ರತ್ಯೇಕ. ನಿಯತಕಾಲಿಕಗಳಿಗೆ ಇದು ಅನ್ವಯಿಸುವುದಿಲ್ಲ. 5 ಕಿಲೋದಲ್ಲಿ 100 ಗ್ರಾಂ ತೂಗುವ ತೆಳು ಚಿತ್ರಪುಸ್ತಕಗಳು ಐವತ್ತರಷ್ಟು ಹಿಡಿಸುತ್ತವೆ, ಸಣ್ಣ ಶಾಲೆಯ ಒಂದು ವರ್ಷದ ಓದಿಗೆ ಅದು ಒಳ್ಳೆಯ ಆರಂಭ. ಶಾಲೆ ತೆರೆದ ಮೊದಲ ವಾರಗಳ ಗಡಿಬಿಡಿ ಕಳೆದ ಮೇಲೆ, ಜುಲೈ ಹೊತ್ತಿಗೆ, ಮೊದಲ ಕಟ್ಟು ತಲುಪಿದರೆ ದಸರಾ ರಜೆಯ ವೇಳೆಗೆ ವಿತರಣಾ ವಹಿಯಲ್ಲಿ ಯಾವ ಪುಸ್ತಕದ ಹೆಸರು ಹತ್ತು ಬಾರಿ ಬಂದಿದೆ, ಯಾವುದು ಒಮ್ಮೆಯೂ ಬಂದಿಲ್ಲ ಎಂಬುದು ಕಾಣುತ್ತದೆ. ಎರಡನೆಯ ಕಟ್ಟಿನ ಪಟ್ಟಿಯನ್ನು ಆ ಪುಟಗಳನ್ನು ನೋಡಿಯೇ ತಯಾರಿಸಬೇಕು.